ಫಿಸಿಯೋ ಮೇಡಂ ಸಾಕಿದ ಖಳನಾಯಕರು

ಮೇಡಂ ನಡೆದು ಬಂದರೆ ಅವರ ಬಿಳಿ ಕೋಟಿನ ಎರಡೂ ಜೇಬುಗಳಿಂದ ಹುರಿಗಡಲೆ ಡಬ್ಬಿ ಅಲುಗಾಡಿಸಿದಂಥ ಸದ್ದು ಬರುತ್ತಿತ್ತು. ಹಣೆಯಲ್ಲಿ ಢಾಳಾದ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ, ಜೇಬಿನ ತುಂಬ ಪುಟ್ಟ ಗೊಂಬೆಗಳ ಕೈ, ಕಾಲು, ತಲೆ, ಕೊಂಬಿನ ಟೋಪಿ. ಮೊದಲ ದಿನ ಅವರು ನನ್ನೆದುರು ಕೂತು ಅಂಥ ತುಂಡುಗಳನ್ನು ಒಂದು ಹಿಡಿ ತೆಗೆದು ಸ್ಟೀಲ್ ತಟ್ಟೆಗೆ ಸುರಿದಾಗ, ತಪ್ಪು ವಿಳಾಸಕ್ಕೆ ಬಂದೆನೇನೋ ಅಂದುಕೊಂಡೆ.

ನಾನು ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಮಾಗಡಿ ರಸ್ತೆಯಲ್ಲಿ ಸ್ಕೂಟರ್ ಜಾರಿ ಬಿದ್ದಾಗ ತಗಡಿನ ಅಂಚೊಂದು ಬಲಗೈ ಮಣಿಕಟ್ಟನ್ನು ಸೀಳಿತ್ತು. ಆಪರೇಷನ್ ಆಗಿ ನರ ಕೂಡಿಸಿದ್ದರೂ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳ ತುದಿಗೆ ಜೀವವೇ ಇರಲಿಲ್ಲ. ಸೀಮೆಸುಣ್ಣ ಹಿಡಿದರೆ ಹಿಡಿದಿದ್ದೇನೆಂದು ತಿಳಿಯುತ್ತಿರಲಿಲ್ಲ, ಬಿದ್ದರೆ ಬಿತ್ತೆಂದೂ ತಿಳಿಯುತ್ತಿರಲಿಲ್ಲ. ನನ್ನ ಅಕ್ಷರದ ಅಂದ ನೋಡಿ ಬೋರ್ಡು ಅಳಿಸಲು ಮುಂದಿನ ಪೀರಿಯಡ್ಡಿನವರೂ ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಈಗ ಮುಖ್ಯೋಪಾಧ್ಯಾಯಿನಿ ಒಳ್ಳೆಯ ಮಾತಿನಲ್ಲೇ, ಲೈಬ್ರರಿ ನೋಡಿಕೊಳ್ಳಿ, ಈಗೆಲ್ಲ ಬೋರ್ಡು ಯಾರಿಗೆ ಬೇಕು ಅಂದರು. ನಾನು ತಲೆಯಾಡಿಸಿ ಮನೆಗೆ ಬಂದು ಮಲಗಿಬಿಟ್ಟೆ.

ಮೇಡಂ ಅವರ ಕ್ಲಿನಿಕ್ ಕಾಮಾಕ್ಷಿಪಾಳ್ಯದಲ್ಲಿ, ಗಾರ್ಮೆಂಟ್ಸ್ ಒಂದರ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಹೊಲಿಗೆ ಯಂತ್ರಗಳಿಗೆ ನೆಲ ಸಣ್ಣಗೆ ನಡುಗುತ್ತಿತ್ತು. ಬರುತ್ತಿದ್ದವರಲ್ಲಿ ಹೆಚ್ಚಿನವರು ಸುತ್ತಲಿನ ವರ್ಕ್‌ಶಾಪುಗಳಲ್ಲಿ ಯಂತ್ರಕ್ಕೆ ಕೈ ಕೊಟ್ಟು ಬಂದವರು. ಗೋಡೆಯ ಗಾಜಿನ ಬೀರುವಿನಲ್ಲಿ ಮುನ್ನೂರಕ್ಕೂ ಹೆಚ್ಚು ಗೊಂಬೆಗಳು ಸಾಲಾಗಿ ನಿಂತಿದ್ದವು. ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುವ ಆಟಿಕೆಗಳ ಜೊತೆ ಬರುತ್ತವಲ್ಲ, ಹೆಬ್ಬೆರಳಿಗಿಂತ ತುಸು ಎತ್ತರದವು, ಅವೇ. ಎಲ್ಲವೂ ಕಾಮಿಕ್ಸ್ ಪುಸ್ತಕಗಳ ಹೀರೋಗಳು ಮತ್ತು ವಿಲನ್‌ಗಳು. ಕೈ ಸುಟ್ಟುಕೊಂಡಿದ್ದ ಮಗುವೊಂದಕ್ಕೆ ಆಡಲೆಂದು ಒಂದು ತಂದಿದ್ದರಂತೆ. ಮಗು ವಾಸಿಯಾಗಿ ಹೋಯಿತು, ಹುಚ್ಚು ಮೇಡಂಗೆ ಅಂಟಿಕೊಂಡಿತು.

ಬೀರುವಿನಲ್ಲಿ ಹೀರೋಗಳಿಗೆ ಕೆಳಗಿನ ಒಂದೇ ಖಾನೆ, ಮಿಕ್ಕಿದ್ದೆಲ್ಲ ವಿಲನ್‌ಗಳದು. ಏಕೆಂದು ಕೇಳಿದ್ದಕ್ಕೆ ತಮ್ಮ ದಾವಣಗೆರೆ ಮಾತಿನಲ್ಲಿ ಹೇಳಿದರು: "ಹೀರೋ ಹತ್ರ ಏನೈತ್ರಿ, ಒಂದು ಮುಖ, ಒಂದು ನಗು. ವಿಲನ್ ನೋಡ್ರಿ, ಕೊಂಬು, ಬಾಲ, ಕೊಕ್ಕೆ, ಕೋಲು. ಬೆರಳಿಗೆ ಅವನ ಹತ್ರಾನೇ ಕೆಲಸ ಜಾಸ್ತಿ." ಆ ಗೊಂಬೆಗಳ ತಲೆಗೆ ಹಿಂದೆ ಮುಂದೆ ಎರಡು ಮುಖಗಳಿರುತ್ತವೆ, ಒಂದರಲ್ಲಿ ಸಿಟ್ಟು, ಇನ್ನೊಂದರಲ್ಲಿ ನಗು. ಟೋಪಿ ಬಿಚ್ಚಿ, ತಲೆ ತಿರುಗಿಸಿ, ಮತ್ತೆ ಟೋಪಿ ತೊಡಿಸುವುದು ನನ್ನ ಮೊದಲ ಪಾಠ. ಒಬ್ಬನನ್ನು ನಗಿಸಲು ನನಗೆ ಹನ್ನೊಂದು ದಿನ ಬೇಕಾಯಿತು.

ಮೇಡಂ ಸಿಡುಕಿನವರು. ಹತ್ತು ನಿಮಿಷ ತಡವಾದರೆ ವಾಪಸು ಕಳಿಸುತ್ತಿದ್ದರು. ಬೀರು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. ಆದರೆ ಅವರ ತಾಳ್ಮೆ ಎಂಥದ್ದೆಂದು ಒಂದು ಬೆಳಿಗ್ಗೆ ಕಂಡೆ. ಅಂದು ನನ್ನ ಪಕ್ಕದಲ್ಲಿ ಕೂತಿದ್ದವರು ತಗಡು ಒತ್ತುವ ಯಂತ್ರದ ಒಬ್ಬ ಪ್ರೆಸ್ ಆಪರೇಟರ್, ಐವತ್ತರ ಆಸುಪಾಸಿನವರು. ಎಡಗೈಯ ಎರಡು ಬೆರಳು ಯಂತ್ರಕ್ಕೆ ಹೋಗಿದ್ದವು. ಉಳಿದ ಮೂರನ್ನು ಎರಡು ತಿಂಗಳಿಂದ ಅಲುಗಿಸದೆ, ಕೈಯನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡೇ ಬರುತ್ತಿದ್ದರು. ಮೇಡಂ ಟವೆಲು ಬಿಚ್ಚಿಸಿ ಆ ಕೈಯ ಮುಂದೆ ತಟ್ಟೆ ಇಟ್ಟರು. ಆತ ಗೊಂಬೆಯ ತುಂಡುಗಳನ್ನು ನೋಡಿದರು.

"ನನ್ನೇನು ಅಂಗನವಾಡಿ ಮಗು ಅಂದ್ಕೊಂಡ್ರಾ ಮೇಡಂ? ಇಪ್ಪತ್ತು ಟನ್ ಪ್ರೆಸ್ ಓಡಿಸ್ದೋನು ನಾನು" ಎಂದವರೇ ತಟ್ಟೆಯನ್ನು ತಳ್ಳಿಬಿಟ್ಟರು. ತುಂಡುಗಳು ಕೋಣೆಯ ತುಂಬ ಚೆಲ್ಲಾಡಿದವು.

ಮೇಡಂ ಕೂತಲ್ಲಿಂದ ಏಳಲಿಲ್ಲ. "ಈಗ ಯಾವ ಕೈಲಿ ತಳ್ಳಿದ್ರಿ?" ಎಂದು ಕೇಳಿದರು.

ಆತ ತಮ್ಮ ಎಡಗೈ ನೋಡಿಕೊಂಡರು. ಆಮೇಲೆ ಕುರ್ಚಿಯಿಂದ ಇಳಿದು, ನೆಲದ ಮೇಲೆ ಮಂಡಿಯೂರಿ, ಅದೇ ಮೂರು ಬೆರಳುಗಳಿಂದ ಒಂದೊಂದಾಗಿ ಆರಿಸತೊಡಗಿದರು. ನೆರವಿಗೆ ಹೋಗಲು ಎದ್ದ ನನ್ನನ್ನು ಮೇಡಂ ಕಣ್ಣಲ್ಲೇ ಕೂರಿಸಿದರು.

ಈ ಗೊಂಬೆಗಳು ಬರುವುದು ಮುಚ್ಚಿದ ಪೊಟ್ಟಣದಲ್ಲಿ. ಒಳಗೆ ಯಾರಿದ್ದಾರೆಂದು ಹೊರಗಿನಿಂದ ಕಾಣುವುದಿಲ್ಲ. ಭಾನುವಾರ ಮೇಡಂ ಮಾಲ್‌ನ ಆಟಿಕೆ ಅಂಗಡಿಗೆ ಹೋಗಿ, ಕಣ್ಣು ಮುಚ್ಚಿ ಪೊಟ್ಟಣಗಳನ್ನು ಒಂದೊಂದಾಗಿ ತಡಕಿ, ಬೇಕಾದವನನ್ನೇ ಆರಿಸಿ ತರುತ್ತಿದ್ದರು. ಸೆಕ್ಯೂರಿಟಿಯವರು ಅನುಮಾನದಿಂದ ಹಿಂದೆ ನಿಲ್ಲುತ್ತಿದ್ದರಂತೆ. ನನಗೂ ಅದೇ ಅಭ್ಯಾಸ ಕೊಟ್ಟರು. ದಿನಕ್ಕೊಂದು ಪೊಟ್ಟಣ ಕೈಗಿಟ್ಟು, ಯಾರಿದ್ದಾನೆ ಹೇಳ್ರಿ ಅನ್ನುವರು. ತಿಂಗಳುಗಟ್ಟಲೆ ನನಗೆ ಏನೂ ತಿಳಿಯಲಿಲ್ಲ. ಒಂದು ದಿನ, ಸಾಕು ಮೇಡಂ, ಲೈಬ್ರರಿಯೇ ಗತಿ, ನಾಳೆಯಿಂದ ಬರುವುದಿಲ್ಲ ಎಂದೆ.

ಅವರು ಜಗಳವಾಡಲಿಲ್ಲ. ಬೀರುವಿನ ಮೇಲಿನ ಖಾನೆಯಿಂದ ಅಂಚು ಮಾಸಿದ ಪೊಟ್ಟಣವೊಂದನ್ನು ತಂದರು. ಅದೊಂದನ್ನು ಅವರು ಎಂಟು ವರ್ಷಗಳಿಂದ ಒಡೆಯದೆ ಇಟ್ಟಿದ್ದರು. ಈಗ ಎಲ್ಲೂ ಸಿಗದ ವಿಲನ್ ಅದು, ಒಡೆಯದಿದ್ದರಷ್ಟೇ ಬೆಲೆ. ನಾಗರಬಾವಿಯಿಂದ ಸಂಗ್ರಹಕಾರ ಹುಡುಗರು ಅದನ್ನು ನೋಡಲೆಂದೇ ಬರುತ್ತಿದ್ದರು. ಇವತ್ತು ಇದನ್ನ ನೋಡಿ ಹೋಗ್ರಿ ಎಂದರು.

ಕಣ್ಣು ಮುಚ್ಚಿ ತಡಕಿದೆ. ಏನೋ ಚುಚ್ಚಿತು. ಹೆಬ್ಬೆರಳ ತುದಿಗೆ, ಸೂಜಿಮೊನೆಯಷ್ಟು. ಉಸಿರು ಬಿಗಿಹಿಡಿದು ಮತ್ತೆ ಒತ್ತಿದೆ. "ಕೊಂಬು" ಎಂದೆ. "ಎರಡು ಕೊಂಬು ಇವೆ ಮೇಡಂ. ಕೈಯಲ್ಲಿ... ಕೊಕ್ಕೆ."

ಚರ್ರನೆ ಹರಿದ ಸದ್ದಿಗೆ ಕಣ್ಣು ಬಿಟ್ಟೆ. ಮೇಡಂ ಪೊಟ್ಟಣ ಹರಿದು ತಟ್ಟೆಗೆ ಸುರಿದಿದ್ದರು. ಅಯ್ಯೋ, ಯಾಕೆ ಒಡೆದಿರಿ ಎಂದು ನಾನು ಚಡಪಡಿಸಿದೆ.

"ಪರೀಕ್ಷೆ ಅಂದಮೇಲೆ ಉತ್ತರ ತಿದ್ದಬೇಕಲ್ರಿ ಮೇಷ್ಟ್ರೇ. ಕೊಂಬು ಸರಿ. ಕೊಕ್ಕೆ ಅಲ್ಲ, ಕುಡುಗೋಲು. ಅರ್ಧ ಮಾರ್ಕು. ನಾಳೆ ಬರ್ರಿ."

ಮರುದಿನ ಹೋದೆ. ಮುಂದಿನ ಜೂನ್‌ನಲ್ಲಿ ಎಂಟನೆಯ ತರಗತಿಯ ಬೋರ್ಡಿನ ಮೇಲೆ ಪದ್ಯವೊಂದನ್ನು ಪೂರ್ತಿ ಬರೆದೆ. ಸಾಲು ಕೊಂಚ ಸೊಟ್ಟಗಿತ್ತು. ಮಕ್ಕಳು ಬರೆದುಕೊಂಡರು.

ಮೇಡಂ ಹೋದ ವರ್ಷ ತೀರಿಕೊಂಡರು. ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲವಂತೆ. ಶ್ರೀಗಂಧದ ಕಾವಲ್‌ನ ಅವರ ಮನೆಯ ಮುಂದೆ ಸೇರಿದವರಲ್ಲಿ ನೆಂಟರಿಗಿಂತ ಕೈ ಪೆಟ್ಟಾದವರೇ ಹೆಚ್ಚಿದ್ದೆವು. ಅವರ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಿದರು. ವಿಭೂತಿ, ಪತ್ರೆಯ ನಂತರ ಒಬ್ಬೊಬ್ಬರಾಗಿ ಮಣ್ಣು ಹಾಕಬೇಕಿತ್ತು. ಪ್ರೆಸ್ ಆಪರೇಟರ್ ನನ್ನ ಮುಂದಿದ್ದರು. ಬಗ್ಗಿ ಎಡಗೈಯಲ್ಲಿ ಮಣ್ಣು ತೆಗೆದುಕೊಂಡರು. ನೆಂಟರೊಬ್ಬರು ತಡೆದು, ಎಡಗೈಯಲ್ಲಿ ಹಾಕಬಾರದು, ಬಲಗೈ ತೊಗೊಳ್ಳಿ ಎಂದರು. ಆತ ಮಣ್ಣು ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

ಮೇಡಂ ಅವರ ಯಜಮಾನರು ಹೇಳಿದರು: "ಹಾಕ್ಲಿ ಬಿಡ್ರಿ. ಅದು ಅವಳು ಎಬ್ಬಿಸಿದ ಕೈ."

ಮೂರು ಬೆರಳುಗಳ ನಡುವೆ ಮಣ್ಣು ಸೋರುತ್ತಿತ್ತು. ಆತ ಮತ್ತೆ ಬಗ್ಗಿ, ತುಂಬ ತೆಗೆದುಕೊಂಡು, ನಿಧಾನವಾಗಿ ಹಾಕಿದರು. ಆಮೇಲೆ ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು.