ದೊಡ್ಡಮ್ಮನ ಸಾಕ್ಷಿ

ಬೀದಿಯ ಮೂಲೆಯಂಗಡಿಯಲ್ಲಿ ಬೆತ್ತದ ಕುರ್ಚಿ ಹೆಣೆಯುತ್ತಿದ್ದ ಅವಳನ್ನು ಎಲ್ಲರೂ ಕುರ್ಚಿಯಕ್ಕ ಎಂದೇ ಕರೆಯುತ್ತಿದ್ದರು. ದೇವರ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ, ಪರಿಚಯವಿರಲಿಲ್ಲ, ಅಷ್ಟೆ. ಯಾರಾದರೂ ಪ್ರಾರ್ಥನೆಗೆ ಕರೆದರೆ, ನೆನೆಹಾಕಿದ ಬೆತ್ತ ಒಣಗಿಹೋಗುತ್ತದೆ ಎಂದು ನುಣುಚಿಕೊಳ್ಳುತ್ತಿದ್ದಳು. ಹಾಗಂತ ಕೆಲಸದಲ್ಲಿ ಕಳ್ಳಾಟವಿಲ್ಲ. ಯಾರ ಕಣ್ಣಿಗೂ ಬೀಳದ ಅಡಿಭಾಗದ ಗಂಟನ್ನೂ ಹಲ್ಲು ಕಚ್ಚಿ ಬಿಗಿಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಕಣ್ಣೆದುರೇ ತಂಗಿಯ ಮಗ ಫೋನಿನಲ್ಲಿ ಮಾತಾಡುತ್ತ ಸ್ಕೂಟರ್ ಓಡಿಸಿಕೊಂಡು ಬಂದು, ಹಣ್ಣಿನ ಗಾಡಿಯವನಿಗೆ ಗುದ್ದಿದ. ಗಾಡಿಯವನ ಸೊಂಟ ಮುರಿಯಿತು. ಗಾಡಿಯೇ ಅಡ್ಡ ನುಗ್ಗಿತೆಂದು ಇವನು ಪೊಲೀಸರಿಗೆ ಹೇಳಿದ. ನಡೆದದ್ದನ್ನು ನೋಡಿದವಳು ಕುರ್ಚಿಯಕ್ಕ ಒಬ್ಬಳೇ. ಗುದ್ದಿದವನೋ, ಅವಳೇ ಎತ್ತಿ ಆಡಿಸಿ ಬೆಳೆಸಿದ ಮಗ.

ಮೂರು ಹೊತ್ತೂ ದೇವರ ಧ್ಯಾನ ಬಿಡದ ತಂಗಿ ಅಂಗಡಿಗೆ ಓಡಿಬಂದಳು.

“ಅಕ್ಕಾ, ಗಾಡಿನೇ ಅಡ್ಡ ಬಂತು ಅಂದುಬಿಡು. ನಮ್ಮಂಥೋರಿಗೆ ಪಾಪದ ಭಯ. ನಿನಗೆ ದೇವರೇ ಇಲ್ಲ, ಯಾವ ಪಾಪ ತಟ್ಟುತ್ತೆ?”

ಕುರ್ಚಿಯಕ್ಕನಿಗೆ ಮೊದಲು ನಗು ಬಂತು, ಆಮೇಲೆ ಕೈಯಲ್ಲಿದ್ದ ಬೆತ್ತವನ್ನು ಕೆಳಗಿಟ್ಟಳು.

“ನೀನು ತಪ್ಪು ಮಾಡಿದ್ರೆ ಕ್ಷಮಿಸಪ್ಪಾ ಅಂತ ಕೇಳೋಕೆ ಒಬ್ಬನಿದ್ದಾನೆ ಕಣೇ. ನಾನು ಯಾರ ಹತ್ರ ಹೋಗ್ಲಿ?”

ಹೆತ್ತಿದ್ದರೆ ಗೊತ್ತಾಗುತ್ತಿತ್ತು ಎಂದು ತಂಗಿ ಚುಚ್ಚಿದಳು. ಆ ಮಾತು ಎದೆಗೆ ನಾಟಿತು. ಆದರೂ ಅವಳು ಜಗ್ಗಲಿಲ್ಲ.

ಕೋರ್ಟಿನಲ್ಲಿ, ದೇವರ ಹೆಸರಿನಲ್ಲಿ ಬೇಡ, ನನ್ನ ಆತ್ಮಸಾಕ್ಷಿಯ ಮೇಲೆ ಪ್ರಮಾಣ ಮಾಡುತ್ತೇನೆ ಎಂದಳು. ದೇವರನ್ನೇ ನಂಬದವಳ ಮಾತನ್ನು ನಂಬುವುದು ಹೇಗೆಂದು ತಂಗಿಯ ಕಡೆಯ ಲಾಯರು ಕೆಣಕಿದ.

“ನಾನು ಹೇಳ್ತಿರೋದು ನಾನು ಸಾಕಿದ ಮಗನ ವಿರುದ್ಧ. ಸುಳ್ಳು ಹೇಳೋ ಹಾಗಿದ್ರೆ ಅವನ ಪರವಾಗೇ ಹೇಳ್ತಿದ್ದೆ ಸಾರ್.”

ತಂಗಿಯ ಮಗನ ಲೈಸೆನ್ಸ್ ರದ್ದಾಯಿತು. ಗಾಡಿಯವನ ಚಿಕಿತ್ಸೆಯ ಹೊಣೆ ಅವನ ಹೆಗಲೇರಿತು. ತಂಗಿ ಮಾತು ಬಿಟ್ಟಳು. ಕುರ್ಚಿಯಕ್ಕ ಮಾತ್ರ ಪ್ರತಿ ಭಾನುವಾರ ಅವಳ ಮನೆಗೆ ಹೋಗಿ ಬಾಗಿಲು ಬಡಿಯುತ್ತಿದ್ದಳು, ತೆಗೆಯದಿದ್ದರೆ ವಾಪಸು ಬರುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ತಂಗಿಯ ಮಗನೇ ಅಂಗಡಿಗೆ ಬಂದ. ಗಾಡಿಯವನನ್ನು ನೋಡಬೇಕು, ಒಬ್ಬನೇ ಹೋಗಲು ಧೈರ್ಯವಿಲ್ಲ ಎಂದ.

“ಬಾಗಿಲವರೆಗೆ ಬರ್ತೀನಿ. ಮಾತು ನೀನೇ ಆಡ್ಬೇಕು,” ಎಂದು ಅವಳು ಅಂಗಡಿಯ ಶಟರ್ ಎಳೆದಳು.

ಗಾಡಿಯವನ ಮನೆ ತಲುಪಿದಾಗ ಅವನೊಬ್ಬನೇ ಒಳಗೆ ಹೋದ. ತಪ್ಪು ನನ್ನದೇ ಎಂದು ಅವನು ಹೇಳುವುದು ಹೊರಗೆ ನಿಂತವಳಿಗೆ ಸ್ಪಷ್ಟವಾಗಿ ಕೇಳಿಸಿತು.