ಬಾಗಿಲಲ್ಲಿ ನಿಂತ ಸಟವಾ

ಧೊಂಡಿಬಾ ನಮ್ಮ ಬೀದರಿನ ಓಣಿಯ ಗಾರೆ ಕೆಲಸದವನು. ಅರವತ್ತು ದಾಟಿದೆ. ಭಾಲ್ಕಿ, ಔರಾದ್ ಕಡೆಯ ಎಷ್ಟೋ ಊರುಗಳ ಚೌಕದಲ್ಲಿ ನಿಂತ ಬಾಬಾಸಾಹೇಬರ ಸಿಮೆಂಟಿನ ಮೂರ್ತಿಗಳು ಅವನ ಕೈಯವು. ಅಷ್ಟು ಮಾಡಿದವನ ಮನೆಯಲ್ಲಿ ಹೆತ್ತ ಅಪ್ಪನದೊಂದು ಫೋಟೊ ಇಲ್ಲ. ಅಪ್ಪ ಸಟವಾನದೊಂದು ಫೋಟೊ ತೆಗೆದಿಡಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಸಟವಾ ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಅಗಸಿ ಕಾಯುತ್ತಿದ್ದ. ಊರಬಾಗಿಲು ಕಾಯುವುದು ನಮ್ಮ ಜನಕ್ಕೆ ವಂಶದಿಂದ ಬಂದ ಪಾಳಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಸಪ್ಪಳ ಕೇಳಿದರೆ ಬರುತ್ತಿರುವವನು ಯಾರೆಂದು ತಿಳಿದು ಮೇಲಿನ ಜಾತಿಯ ದೊಡ್ಡವರು ದೂರ ಸರಿಯಲಿ ಎಂದು ಆ ಗೆಜ್ಜೆ. ಸಂಬಳವೆಂದರೆ ಮನೆಮನೆಯ ತಂಗಳ ರೊಟ್ಟಿ. ಊರು ಕಾದವನು ಊರ ಗುಡಿಯ ಮೆಟ್ಟಿಲು ಹತ್ತಲಿಲ್ಲ, ಪಾಟೀಲರ ವಾಡೆಯ ಹೊಸ್ತಿಲು ದಾಟಲಿಲ್ಲ. ಕಾನೂನು ಬಂದು ಆ ಪಾಳಿ ತೆಗೆದುಹಾಕಿದ ಮೇಲೂ ಸಾಯುವವರೆಗೆ ನಿಂತೇ ಇದ್ದ.

ಹೋದ ವರ್ಷ ನಮ್ಮ ಓಣಿಯ ಬುದ್ಧ ವಿಹಾರಕ್ಕೆ ಹೊಸ ಕಮಾನು ಕಟ್ಟಿದೆವು. ನಾನು ಕಮಿಟಿಯ ಕಾರ್ಯದರ್ಶಿ. ಅಧ್ಯಕ್ಷ ನಂದಕುಮಾರ ಥಾಯ್ಲೆಂಡ್ ಯಾತ್ರೆ ಮಾಡಿ ಬಂದಿದ್ದ. ಅಲ್ಲಿನ ವಿಹಾರಗಳ ಬಾಗಿಲಲ್ಲಿ ನಿಂತ ಕಾವಲುಗಾರರ ಫೋಟೊ ಅವನ ಫೋನಿನ ತುಂಬ: ಹಸಿರು ಮುಖ, ಕೋರೆಹಲ್ಲು, ಕಿರೀಟ. ನಮಗೂ ಅಂಥ ಇಬ್ಬರು ಬೇಕೆಂದು ಹಟ ಹಿಡಿದ. ಕೆಲಸ ಧೊಂಡಿಬಾನಿಗೆ ಬಂತು. ಕೂಲಿ ಬೇಡ, ಸಾಮಾನು ಕೊಡಿಸಿರಿ ಸಾಕು ಎಂದ ಅವನು ಫೋಟೊವನ್ನು ಒಂದು ಗಳಿಗೆ ನೋಡಿ ಫೋನು ವಾಪಸು ಕೊಟ್ಟ.

ಸಿಮೆಂಟಿಗೆ ನೀರು ಹಿಡಿಯಲಿ ಎಂದು ಮೂರ್ತಿಗಳಿಗೆ ಒದ್ದೆ ಗೋಣಿತಟ್ಟು ಸುತ್ತಿ ಇಪ್ಪತ್ತು ದಿನ ಬಿಟ್ಟಿದ್ದ. ತಟ್ಟು ಬಿಚ್ಚಿದ ದಿನ ಕಿರೀಟವೂ ಇರಲಿಲ್ಲ, ಕೋರೆಯೂ ಇರಲಿಲ್ಲ. ಬಾಗಿಲಿನ ಎರಡೂ ಕಡೆ ಒಬ್ಬನೇ ಮುದುಕ ನಿಂತಿದ್ದ. ಒಳಗೆ ಹೋದ ಕೆನ್ನೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗೆಜ್ಜೆಯ ಕೋಲು. ನನ್ನ ಅಜ್ಜನ ಕೋಲೂ ಅದೇ.

ನಂದಕುಮಾರನ ಮುಖ ಕಪ್ಪಿಟ್ಟಿತು. "ಆ ಅಗಸಿ ಬ್ಯಾಡಂತನೇ ಬುದ್ಧನ ಕಡೆ ಬಂದೇವಿ. ನೀ ಮತ್ತ ನಮ್ಮನ್ನ ಬಾಗಲಾಗ ನಿಂದ್ರಸ್ತಿ ಏನು?"

"ಅದು ಪಾಟೀಲರ ಬಾಗಲರಿ," ಎಂದ ಧೊಂಡಿಬಾ. "ಇದು ನಮ್ದು."

ಇದಕ್ಕಿಂತ ದೊಡ್ಡ ಮಾತನ್ನು ಆ ವಿಹಾರದಲ್ಲಿ ನಾನು ಕೇಳಿಲ್ಲ. ಆದರೂ ಬಾಯಿ ಬಿಡಲಿಲ್ಲ. ನಂದಕುಮಾರನ ಸಿಟ್ಟೂ ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಧೈರ್ಯವಿರಲಿಲ್ಲ. ಮೂರ್ತಿ ತೆಗೆಸಬೇಕೆಂದು ಕಮಿಟಿ ಠರಾವು ಮಾಡಿತು. ಹಾಗಾದರೆ ಅಪ್ಪನನ್ನು ನಾನೇ ಒಯ್ಯುತ್ತೇನೆ, ಜಾಗ ನೋಡಲು ಎಂಟು ದಿನ ಕೊಡಿರಿ ಎಂದು ಧೊಂಡಿಬಾ ಕೈಮುಗಿದ. ಆ ಎಂಟು ದಿನದೊಳಗೆ ಭಾಲ್ಕಿ ರಸ್ತೆಯಲ್ಲಿ ಮದುವೆಗೆ ಬಾಡಿಗೆ ಕೊಡುವ ಮಂಗಲ ಕಾರ್ಯಾಲಯದವರು ಮೂರ್ತಿಗಳನ್ನು ಕೇಳಿದರು. ಬದಲಿಗೆ ಬುದ್ಧ ಪೂರ್ಣಿಮೆಯ ಊಟಕ್ಕೆ ಹಾಲ್ ಪುಕ್ಕಟೆ. ಒಪ್ಪಿಗೆ ಪತ್ರ ಬರೆದವನು ನಾನು. ಆ ಕಾರ್ಯಾಲಯ ಅದೇ ಪಾಟೀಲರ ಮೊಮ್ಮಗನದೆಂದು ನನಗೆ ಗೊತ್ತಿತ್ತು. ವಿಹಾರದ ಬಾಗಿಲಿಗೆ ಹೈದರಾಬಾದಿನಿಂದ ಎರಡು ಫೈಬರ್ ಸಿಂಹ ಬಂದವು.

ಧೊಂಡಿಬಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೂರ್ಣಿಮೆಯ ದಿನ ಊಟಕ್ಕೆಂದು ಎಲ್ಲರ ಜೊತೆ ಅವನೂ ಬಂದ. ಕಾರ್ಯಾಲಯದ ಬಾಗಿಲಲ್ಲಿ ಸಟವಾ ಎರಡೂ ಕಡೆ ನಿಂತಿದ್ದ. ಗಾಲಿಕುರ್ಚಿಯಲ್ಲಿ ಕೂತಿದ್ದ ಹಳೇ ಪಾಟೀಲರು ಮೂರ್ತಿಯ ಕಾಲು ತಟ್ಟುತ್ತ ಬಂದವರಿಗೆಲ್ಲ ತೋರಿಸುತ್ತಿದ್ದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಪ್ರೀತಿಯೇ ಇತ್ತು. ಅದೇ ಸಹಿಸಲಾಗದ್ದು.

"ನಮ್ಮ ಸಟವಾ. ಎಷ್ಟ ವರ್ಷ ಆದ್ರೂ ಮತ್ತ ಕೆಲಸಕ್ಕ ಬಂದಾನ ನೋಡ್ರಿ."

ಧೊಂಡಿಬಾ ಊಟ ಮಾಡದೆ ಹೊರಟುಹೋದ. ಮರುದಿನ ಬೆಳಿಗ್ಗೆ ಉಳಿ, ಸುತ್ತಿಗೆ, ಏಣಿ ಹೊತ್ತು ಅಲ್ಲಿಗೆ ಹೋದ. ಸುದ್ದಿ ತಿಳಿದು, ಸಂಶಯ ಬಂದು ನಾನು ಬೈಕ್ ಹತ್ತಿ ಹೊರಟೆ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಲಗಡೆಯ ಮೂರ್ತಿಗೆ ಮೂಗು, ಕಣ್ಣು, ಬಾಯಿ ಯಾವುದೂ ಇರಲಿಲ್ಲ. ಏಣಿಯನ್ನು ಎಡಗಡೆಗೆ ಸರಿಸಿದ. ಈ ಮುಖ ಹೋದರೆ ಅಪ್ಪನ ಗುರುತು ಲೋಕದಲ್ಲಿ ಉಳಿಯುವುದಿಲ್ಲ ಎಂದು ಅವನಿಗೆ ನಾನು ಹೇಳಬೇಕಿರಲಿಲ್ಲ. ಒಂದು ಗಳಿಗೆ ಆ ಕೆನ್ನೆಯ ಮೇಲೆ ಅಂಗೈ ಇಟ್ಟ. ಆಮೇಲೆ ಸುತ್ತಿಗೆ ಎತ್ತಿದ.

ಪಾಟೀಲರ ಮೊಮ್ಮಗ ಓಡಿ ಬಂದು ಇದೇನು ಹುಚ್ಚು ಎಂದು ಕೂಗಾಡಿದ. ಧೊಂಡಿಬಾ ಏಣಿಯಿಂದ ಇಳಿದು ಕೈಯ ಧೂಳು ಒರೆಸಿಕೊಂಡ.

"ನಮ್ಮಪ್ಪನ ಪಾಳಿ ಮುಗೀತ್ರಿ," ಎಂದ.

ಬರುವಾಗ ನನ್ನ ಬೈಕಿನ ಹಿಂದೆ ಏಣಿ ಹಿಡಿದು ಕೂತಿದ್ದ ಧೊಂಡಿಬಾನಿಗೆ, ಇನ್ನೊಂದು ಮಾಡು, ಖರ್ಚು ನನ್ನದು ಎಂದೆ.

"ನೆನಪ ಇತ್ತಂತ ಮಾಡಿದ್ದೆರಿ. ಈಗ ಕಣ್ಣ ಮುಚ್ಚಿದ್ರ ಆ ಒಡದ ಮುಖನೇ ಬರ್ತದ."