ದಿಲ್ಲಿಗೆ ಬರೆದ ಎಣ್ಣೆ

ವಾಸುದೇವರಾಯರು ಗಿರಣಿಯ ಒಳಗೆ ಕಾಲಿಡುತ್ತಿರಲಿಲ್ಲ. ಧೋತರಕ್ಕೆ ಜಿಡ್ಡು ಹತ್ತುತ್ತದೆ ಎನ್ನುತ್ತಿದ್ದರು. ಆದರೆ ಹಳಿಯಾಳದ ಆ ಎಣ್ಣೆ ಗಿರಣಿಯಲ್ಲಿ ತಿಂಗಳಿಗೆ ಎಷ್ಟು ಶೇಂಗಾ ಎಣ್ಣೆ ಇಳಿಯಿತೆಂದು ಸರ್ಕಾರಕ್ಕೆ ಬರೆದು ಕಳಿಸುವವರು ಅವರೇ. ಅರವತ್ತರ ದಶಕದ ಮೊದಲ ವರ್ಷಗಳವು. ದೇಶದ ಎಣ್ಣೆ ಉತ್ಪಾದನೆಯ ಲೆಕ್ಕಕ್ಕೆಂದು ದಿಲ್ಲಿಯವರು ನಮ್ಮ ಅಂಕಿಯನ್ನೂ ಕೇಳುತ್ತಿದ್ದರು. ರಾಯರು ಹೆಡ್ ಕ್ಲಾರ್ಕ್. ನಾನು ಅವರ ಕೈಕೆಳಗಿನ ಕಾರಕೂನ.

"ದೇಶದ ಎಣ್ಣಿ ಗಾಣದಾಗ ಇಳಿಯೂದಿಲ್ಲೋ ತಮ್ಮಾ, ನನ್ನ ಟಾಕಿನ್ಯಾಗ ಇಳೀತದ" ಎಂದು ಮಸಿಯಲ್ಲದ್ದಿದ ಟಾಕುಪೆನ್ನು ಝಾಡಿಸುತ್ತಿದ್ದರು. ಮಾಲೀಕರ ಮುಖ ನೋಡಿ, ಇಳಿದದ್ದರಲ್ಲಿ ಅರ್ಧ ಬರೆಯುತ್ತಿದ್ದರು. ಉಳಿದದ್ದು ಸದ್ದಿಲ್ಲದೆ ಲಾರಿ ಏರುತ್ತಿತ್ತು. ಸಹಿಯ ಮೇಲೆ ಊದಿ ಒಣಗಿಸುವಾಗ ಅವರ ಮುಖದಲ್ಲಿ ಪೂಜೆ ಮುಗಿಸಿದವರ ತೃಪ್ತಿ. ನನಗೆ ಹೇಸಿಗೆಯಾಗುತ್ತಿತ್ತು. ನಕಲು ಪ್ರತಿ ಬರೆಯುತ್ತಿದ್ದವನು ನಾನೇ.

ಒಮ್ಮೆ ಮದ್ರಾಸಿನ ಕಡೆಯ ತಪಾಸಣೆ ಅಧಿಕಾರಿ ಬಂದರು. ಅವರಿಗೆ ಕನ್ನಡ ಬಾರದು. ಡಬ್ಬಿ ತುಂಬುವ ಮಳಗಿಯ ಬಸಪ್ಪನನ್ನು ಕರೆಸಿ, ನಿನ್ನೆ ಎಷ್ಟು ಡಬ್ಬಿ ತುಂಬಿತೆಂದು ರಾಯರ ಮೂಲಕ ಕೇಳಿಸಿದರು. ನಮ್ಮ ಕಡೆ ಕಣದಲ್ಲಿ ರಾಶಿ ಅಳೆದರೆ ಎಷ್ಟಾಯಿತೆಂದು ಬಾಯಿಬಿಟ್ಟು ಹೇಳುವುದಿಲ್ಲ. ಬಸಪ್ಪ ಆ ರೀತಿಯನ್ನೇ ಗಿರಣಿಗೂ ತಂದಿದ್ದ.

"ಬಾಯಿಲೆ ಹೇಳಬಾರದ್ರಿ ಸಾಹೇಬ್ರ, ದೃಷ್ಟಿ ಆಗತೇತಿ. ಡಬ್ಬಿಗೊಂದು ಶೇಂಗಾ ಬುಟ್ಟಿಗೆ ಹಾಕೇನಿ. ಬರ್ರಿ, ನೀವ ಎಣಿಸ್ಕೋರಿ."

ರಾಯರು ಇಂಗ್ಲಿಷಿನಲ್ಲಿ ಮೊದಲ ಮಾತನ್ನಷ್ಟೇ ಹೇಳಿದರು: ಇವನು ಹೇಳುವುದಿಲ್ಲವಂತೆ. ಈ ಜನರೇ ಹೀಗೆ ಎಂದೂ ಸೇರಿಸಿದರು. ಬುಟ್ಟಿ ಹತ್ತು ಹೆಜ್ಜೆ ದೂರದಲ್ಲಿ, ಬಾಗಿಲ ಹಿಂದೆ ಇತ್ತು. ನಾನು ಫೈಲಿನ ದಾರ ಕಟ್ಟುತ್ತ ನಿಂತೆ.

ಅಧಿಕಾರಿಯ ಜೀಪು ಹೋದ ಮೇಲೆ ರಾಯರು ಬುಟ್ಟಿಯ ಶೇಂಗಾವನ್ನು ಗಾಣಕ್ಕೆ ಸುರಿಸಿದರು. ಡಬ್ಬಿಗಳ ಲೆಕ್ಕ ಮುಚ್ಚಿಟ್ಟವನು ಬಸಪ್ಪನೇ ಎಂದು ಮೇಲಕ್ಕೆ ಬರೆದರು. ಮೂರನೆಯ ದಿನ ಅವನ ಕೆಲಸ ಹೋಯಿತು.

"ಎಣಿಸ್ಕೋರಿ ಅಂದಿದ್ನೆಲ್ರಿ. ನೀವೂ ಕೇಳಿದ್ರಿ, ಹೌದಿಲ್ರಿ?" ಎಂದು ಬಸಪ್ಪ ನನ್ನನ್ನು ಕೇಳಿದ. ನಾನು ನಕಲು ಪ್ರತಿ ಬರೆಯಲು ಬಗ್ಗಿದೆ. ಆಮೇಲೆ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಕುಳಗಿಯ ಕಾಡಿನ ಕಡೆ ಬಿದಿರು ಕಡಿಯಲು ಹೋದ.

ರಾಯರನ್ನು ನಾನು ಕೊನೆಗೆ ಕಂಡದ್ದು ದಾಂಡೇಲಿಯ ಬಸ್ ನಿಲ್ದಾಣದಲ್ಲಿ, ಅವರು ನಿವೃತ್ತರಾದ ಮೇಲೆ. ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಆಡಿಯೇಬಿಟ್ಟೆ: "ಬಸಪ್ಪನ ಅನ್ನ ಕಸಗೊಂಡ್ರಿ ನೀವು."

ಅವರು ಸಿಟ್ಟಾಗಲಿಲ್ಲ. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು.

"ಅರ್ಧಾ ಮಾತು ನುಂಗಿದೆ, ಖರೆ. ಇಂಗ್ಲೀಷು ನಿನಗೂ ಬರ್ತಿತ್ತಲ್ಲೋ ತಮ್ಮಾ."

ಬಸ್ಸು ಬಂತು. ಅವರ ಚೀಲವನ್ನು ನಾನೇ ಎತ್ತಿ ಒಳಗಿಟ್ಟೆ.